ಬದಲಾದ ಪರಿಸ್ಥಿತಿ

ಫೆಬ್ರವರಿ ೯, ಭಾನುವಾರ

ಚೂಟಿಯ ಅಮ್ಮನಿಗೆ,

ಈ ಪತ್ರವೂ ಎಂದಿನಂತೆ ಚೂಟಿಯ ಚೀಲದ ಪಕ್ಕದ ಜೇಬಿನಲ್ಲೇ ಬರುತ್ತಿದೆ. ಫೋನು ಮಾಡಿದರೆ ನೀವಿಬ್ಬರೂ ಎರಡನೇ ವಾಕ್ಯಕ್ಕೇ ಕಾದಾಟಕ್ಕಿಳಿಯುತ್ತೀರಿ, ಬರೆದುಕೊಳ್ಳಿ ಎಂದು ವಿಚ್ಛೇದನದ ಹೊತ್ತಿನಲ್ಲಿ ಸಂಧಾನದ ಮುದುಕರು ಹೇಳಿದ್ದರು. ಅಂದಿನಿಂದ ಬರೆಯುತ್ತಿದ್ದೇವೆ. ಒಂದೇ ಮನೆಯಲ್ಲಿದ್ದಾಗ ನಾವು ಒಬ್ಬರಿಗೊಬ್ಬರು ಇಷ್ಟು ಪೂರ್ತಿ ವಾಕ್ಯಗಳನ್ನು ಆಡಿದ್ದು ನೆನಪಿಲ್ಲ.

ನಾನು ಕ್ರೇನಿನಿಂದ ಇಳಿದಿದ್ದೇನೆ. ಈಗ ಯಾರ್ಡಿನ ಉಗ್ರಾಣದಲ್ಲಿದ್ದೇನೆ. ಉಕ್ಕಿನ ಹಗ್ಗ, ಕೊಕ್ಕೆ, ಸರಪಳಿ, ಗ್ರೀಸಿನ ಡಬ್ಬ ಕೊಡುವುದು, ವಾಪಸು ತೆಗೆದುಕೊಳ್ಳುವುದು. ನೆಲದ ಮೇಲಿನ ಕೆಲಸ, ನೆಲದ ಮೇಲಿನ ಸಂಬಳ. ಯಾರೂ ಇಳಿಸಲಿಲ್ಲ, ನಾನೇ ಕೇಳಿಕೊಂಡೆ. ನನ್ನೊಡನೆ ಮಾತಾಡಲು ವಾಕಿಟಾಕಿ ಹಿಡಿಯಬೇಕಿದ್ದವರೆಲ್ಲ ಈಗ ಉಗ್ರಾಣದ ಬಾಗಿಲಿಗೆ ಒರಗಿ ನಿಂತು, ‘ಏನಣ್ಣಾ, ಮೇಲಿನ ಗಾಳಿ ಸೇರಲಿಲ್ವಾ?’ ಎಂದು ಕೇಳುತ್ತಾರೆ. ಸೇರಲಿಲ್ಲ ಎನ್ನುತ್ತೇನೆ. ಅವರಿಗೆ ಅಷ್ಟು ಸಾಕು.

ಹಾಗಾಗಿ ಚೂಟಿಯ ಖರ್ಚಿಗೆ ನಾನು ಕೊಡುವ ತಿಂಗಳ ಹಣವನ್ನು ಮುಂದಿನ ತಿಂಗಳಿಂದ ಅರ್ಧಕ್ಕೆ ಇಳಿಸೋಣವೆಂದು ಕೇಳುತ್ತಿದ್ದೇನೆ. ಕೋರ್ಟು ಕಚೇರಿ ಬೇಡ. ನಾವಿಬ್ಬರು ಒಪ್ಪಿಕೊಂಡರೆ ಆಯಿತು. ಹೂಂ ಎಂದು ಒಂದು ಸಾಲು ಬರೆದು ಕಳಿಸು.

ಬರುವ ಭಾನುವಾರ ಬೆಳಿಗ್ಗೆ ಕಾರು ತರುತ್ತೇನೆ. ಎಂದಿನಂತೆ ಅಣೆಕಟ್ಟೆಯ ರಸ್ತೆಗೆ ಹೋಗುತ್ತೇವೆ. ಅವಳ ಸೈಕಲ್ಲಿಗೆ ಗಾಳಿ ತುಂಬಿಸಿಡು.

ಇಂತಿ,
ಚೂಟಿಯ ಅಪ್ಪ


ಫೆಬ್ರವರಿ ೧೫

ಚೂಟಿಯ ಅಪ್ಪನಿಗೆ,

ಹೂಂ ಎಂದು ಬರೆಯಲು ಕುಳಿತೆ. ಆಗಲಿಲ್ಲ. ಸಿಟ್ಟಿನಿಂದ ಅಲ್ಲ. ನನ್ನ ಹೂಂಗೆ ಬೆಲೆ ಇದೆಯೇ ಎಂಬ ಅನುಮಾನ ಬಂತು. ವಕೀಲಮ್ಮನನ್ನು ಕಂಡುಬಂದೆ.

ಅವರಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಹೇಳಿದರು: ‘ನೀವಿಬ್ರೂ ಅಡುಗೆಮನೇಲಿ ಕೂತು ಒಪ್ಪಿಕೊಂಡ್ರೆ ಆದೇಶ ಬದಲಾಗಲ್ಲಮ್ಮ. ಜಡ್ಜು ಬದಲಾಯಿಸೋವರೆಗೂ ಹಳೇದೇ ನಿಂತಿರುತ್ತೆ. ನಾಳೆ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ತಲೆ ಕೆಟ್ರೆ, ಕಟ್ಟದೇ ಬಿಟ್ಟಿದ್ದೆಲ್ಲ ಬಾಕೀನೇ. ಬದಲಾಯಿಸಿದ್ರೂ ಅರ್ಜಿ ಹಾಕಿದ ದಿನದಿಂದ ಮುಂದಕ್ಕೆ. ಹಿಂದಿನದಕ್ಕೆ ಯಾರೂ ಕೈ ಹಾಕಲ್ಲ.’

ಯಾವಾಗ ಬದಲಾಯಿಸುತ್ತಾರೆ ಎಂದು ಕೇಳಿದೆ. ಪರಿಸ್ಥಿತಿ ಬದಲಾಗಿರಬೇಕಂತೆ. ಎದ್ದು ಕಾಣುವಷ್ಟು. ನಾಲ್ಕು ದಿನಕ್ಕೆ ಬಂದು ಹೋಗುವಂಥದ್ದಲ್ಲ, ಉಳಿಯುವಂಥದ್ದು. ಕೆಲಸ ಹೋಗಿರಬೇಕು, ಇಲ್ಲ ಕಾಯಿಲೆ ಬಿದ್ದಿರಬೇಕು, ಇಲ್ಲ ಮಗುವಿನ ಅಗತ್ಯವೇ ಬೇರೆಯಾಗಿರಬೇಕು, ಮಗು ಈ ಮನೆಯಿಂದ ಆ ಮನೆಗೆ ಹೋಗಿರಬೇಕು. ನೀನೇ ಕೇಳಿಕೊಂಡು ಇಳಿದೆ ಎಂದು ತಿಳಿಸಿದೆ. ಅವರು ಕರವಸ್ತ್ರ ಮಡಿಸಿಟ್ಟು, ‘ಬೇಕಂತ ಇಳಿದಿದ್ರೆ ಅದು ಬದಲಾದ ಪರಿಸ್ಥಿತಿ ಅಲ್ಲ, ಬದಲಾದ ಮನಸ್ಸು. ಅದಕ್ಕೆಲ್ಲ ಕೋರ್ಟು ಕಡಿಮೆ ಮಾಡಲ್ಲ’ ಎಂದರು.

ಈ ಹಣ ನಿನ್ನದೂ ಅಲ್ಲ, ನನ್ನದೂ ಅಲ್ಲ, ಅವಳದ್ದು. ಅವಳ ಪರವಾಗಿ ಬಿಟ್ಟುಕೊಡುವ ಅಧಿಕಾರ ನನಗಿಲ್ಲವಂತೆ. ಕಾರಣ ಬರೆದು ಅರ್ಜಿ ಹಾಕು. ಕಾರಣ ನ್ಯಾಯವಾಗಿದ್ದರೆ ನಾನು ತಕರಾರು ತೆಗೆಯುವುದಿಲ್ಲ.

ಆದರೆ ಯಾಕೆ ಇಳಿದೆ? ಮೇಲಿಂದ ನೋಡಿದರೆ ಮನುಷ್ಯರೆಲ್ಲ ಮರ್ಯಾದಸ್ಥರಂತೆ ಕಾಣುತ್ತಾರೆ ಎನ್ನುತ್ತಿದ್ದವನು ನೀನು. ಆ ಕ್ಯಾಬಿನ್ನಿನ ಸಲುವಾಗಿ ನನ್ನಕ್ಕನ ಮದುವೆಗೂ ರಜೆ ಹಾಕದವನು. ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವಾಗ ಪ್ಲಾಸ್ಟರಿನ ಅಚ್ಚು ಕೈಗೆ ಬಂದರೆ ಸಾಕು, ಈ ಮನುಷ್ಯ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆಂದು ಹೇಳಬಲ್ಲೆ, ಮುಖ ನೋಡಿರುವುದಿಲ್ಲ. ನಿನ್ನ ಪತ್ರ ಓದಿದಾಗಲೂ ಹಾಗೇ ಅನ್ನಿಸಿತು. ಯಾವುದನ್ನೋ ಕಡಿದು ಹಿಡಿದುಕೊಂಡು ಬರೆದಿದ್ದೀಯ.

ಚೂಟಿ ಕಳೆದ ಭಾನುವಾರ ಬಂದವಳು ಊಟಕ್ಕೂ ಕೂರದೆ ಮಲಗಿದಳು. ಅಂಗೈ ಎರಡೂ ಕೆಂಪಾಗಿದ್ದವು. ಕೇಳಿದರೆ ‘ಸೈಕಲ್ಲು’ ಎಂದಳು.

ಚೂಟಿಯ ಅಮ್ಮ


ಮಾರ್ಚ್ ೨

ಚೂಟಿಯ ಅಮ್ಮನಿಗೆ,

ಕೋರ್ಟಿಗೆ ಹೋಗಿದ್ದೆ. ನೆಲಮಾಳಿಗೆಯಲ್ಲಿ ಕೌಂಟರು. ಗೋಡೆಯ ಉದ್ದಕ್ಕೂ ಬೆಂಚುಗಳು, ಪ್ರತಿ ಬೆಂಚಿನ ಎರಡು ತುದಿಯಲ್ಲಿ ಒಬ್ಬೊಬ್ಬರು, ನಡುವೆ ಖಾಲಿ. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿಕೊಂಡು ವಿಚಾರಿಸಿದ.

‘ಕೆಲಸ ಹೋಯ್ತಾ?’

‘ಇಲ್ಲ.’

‘ಸಂಬಳ ಕಡಿತ ಮಾಡಿದ್ರಾ?’

‘ನಾನೇ ಕೆಳಗಿನ ಕೆಲಸ ಕೇಳ್ಕೊಂಡೆ.’

‘ಮೈಯಲ್ಲಿ ಹುಷಾರಿಲ್ವಾ?’

‘ಚೆನ್ನಾಗಿದೀನಿ.’

‘ಇನ್ನೊಂದು ಮದುವೆ? ಇನ್ನೊಂದು ಮಗು?’

‘ಇಲ್ಲ.’

‘ಮತ್ತೇನು ಬದಲಾಯ್ತು ಸ್ವಾಮೀ? ಹವಾಮಾನವಾ?’

ನನ್ನ ಹಿಂದೆ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಅರ್ಜಿ ಹಾಕದೆ ಬಂದುಬಿಟ್ಟೆ.

ಹಳೆಯ ಮೊತ್ತವೇ ಇರಲಿ. ಹೆಚ್ಚುವರಿ ಪಾಳಿ ಕೊಡಿ ಎಂದು ಕೇಳಿದ್ದೇನೆ. ಕಾರು ಮಾರಿಬಿಡಲೇ ಎಂದೂ ಯೋಚಿಸಿದೆ. ಬಸ್ಸಾದರೆ ಮೂರು ಕಡೆ ಬದಲಾಯಿಸಿ ನಿನ್ನ ಮನೆ ಮುಟ್ಟುವ ಹೊತ್ತಿಗೆ ಭಾನುವಾರ ಅರ್ಧ ಮುಗಿದಿರುತ್ತದೆ. ಹಾಗಾಗಿ ಬೇಡ ಅನ್ನಿಸಿತು. ಈ ವಿಷಯಕ್ಕೆ ನೀನು ಮತ್ತೆ ವಕೀಲರ ಹತ್ತಿರ ಹೋಗುವುದೂ ಬೇಡ. ನಾನು ಕೇಳಿಯೇ ಇರಲಿಲ್ಲ ಎಂದುಕೋ.

ಅಂಗೈ ವಿಷಯ: ಸೈಕಲ್ಲಿನ ಹಿಡಿ ಒರಟಾಗಿದೆ. ಬಟ್ಟೆ ಸುತ್ತಿದ್ದೇನೆ.

ಚೂಟಿಯ ಅಪ್ಪ


ಮಾರ್ಚ್ ೮

ಅಪ್ಪಾ,

ಈ ವಾರ ಅಮ್ಮ ನಿನಗೆ ಬರೆದಿಲ್ಲ. ಜೇಬು ಖಾಲಿ ಇತ್ತು, ಅದಕ್ಕೇ ನಾನು ಬರೀತಿದೀನಿ. ನಿಮ್ಮಿಬ್ಬರ ಪತ್ರ ಎಲ್ಲಾ ನಾನು ಓದ್ತೀನಿ. ನೀವು ಜೇಬಲ್ಲಿ ಇಡಕ್ಕೆ ಶುರು ಮಾಡಿದಾಗ ನನಗೆ ಓದಕ್ಕೆ ಬರ್ತಿರಲಿಲ್ಲ. ಈಗ ನಾಲ್ಕನೇ ಕ್ಲಾಸು. ನೀವಿಬ್ಬರೂ ಅದನ್ನ ಮರೆತುಬಿಟ್ಟಿದೀರ. ಅಂಟಿಸೋದೂ ಇಲ್ಲ.

ಹಿಡಿಗೆ ಬಟ್ಟೆ ಸುತ್ತಿದೀನಿ ಅಂತ ಬರೆದಿದೀಯ. ಸುತ್ತಿಲ್ಲ. ಅಮ್ಮ ಸೈಕಲ್ ನೋಡಿದ್ರೆ ಗೊತ್ತಾಗುತ್ತೆ ಅಂತ ನಾನೇ ನನ್ನ ಹಳೇ ಕಾಲುಚೀಲ ಸುತ್ತಿದೀನಿ.

ಭಾನುವಾರ ಏನೇನ್ ಮಾಡ್ತೀರಾ ಅಂತ ಅಮ್ಮ ಕೇಳಿದ್ಲು. ಸೈಕಲ್ಲು, ಆಮೇಲೆ ಬನ್ನು, ಆಮೇಲೆ ಮನೆ ಅಂದೆ. ನೀನು ಹೋಗಿ ಹೋಗಿ ಬರೋದು ಹೇಳಲಿಲ್ಲ. ಹೋದ ವಾರ ನೀನು ಎರಡು ಸಲ ಹೋದೆ. ಮೊದಲನೇದು ಬನ್ನು ತಿನ್ನುವಾಗ. ಅದು ಪರವಾಗಿಲ್ಲ, ಟೀ ಪ್ಯಾಂಟ್ ಮೇಲೆ ಚೆಲ್ತು ಅಷ್ಟೆ. ಎರಡನೇದು ಕಾರಲ್ಲಿ. ನೀನು ಕಣ್ಣು ಬಿಟ್ಕೊಂಡೇ ಇದ್ದೆ. ಬಾಯಿ ಮಾತ್ರ ಏನೋ ಅಗಿಯೋ ಥರ ಮಾಡ್ತಿತ್ತು. ನೀನು ಹೇಳಿಕೊಟ್ಟ ಹಾಗೇ ನಾನು ಮಾಡಿದೆ. ಮೊದಲು ‘ಅಪ್ಪಾ’ ಅಂತ ಜೋರಾಗಿ, ಆಮೇಲೆ ಸ್ಟೀರಿಂಗ್ ನನ್ನ ಕಡೆಗೆ, ಆಮೇಲೆ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕು. ಹಿಂದೆ ಬಂದ ಲಾರಿಯವನು ತಲೆ ಹೊರಗೆ ಹಾಕಿ ಬೈದ. ಕೆಟ್ಟ ಮಾತು, ಬರೆಯಲ್ಲ. ನಿನಗೆ ಕೇಳಿಸಲಿಲ್ಲ. ಆಮೇಲೆ ನೀನು ವಾಪಸ್ ಬಂದು ‘ಯಾಕೆ ನಿಲ್ಲಿಸಿದ್ವಿ?’ ಅಂದೆ. ‘ಹಕ್ಕಿ ಅಡ್ಡ ಬಂತು’ ಅಂತ ನಾನಂದೆ. ನೀನು ಬೇಜಾರು ಮಾಡ್ಕೋಬಾರದು ಅಂತ.

ನನ್ನ ತೋಳಿಗೆ ಇನ್ನೂ ಸ್ವಲ್ಪ ಶಕ್ತಿ ಬೇಕು. ಸ್ಕೂಲಲ್ಲಿ ಕಂಬಿಗೆ ಜೋತುಬಿದ್ದು ಪ್ರಾಕ್ಟೀಸ್ ಮಾಡ್ತಿದೀನಿ.

ಕೋರ್ಟಲ್ಲಿ ಚೆನ್ನಾಗಿದೀನಿ ಅಂದೆಯಲ್ಲ, ಒಳ್ಳೇದಾಯ್ತು.

ನಿನ್ನ ಚೂಟಿ


ಮಾರ್ಚ್ ೯

ಚೂಟೀ,

ಓದಿದೆ. ಓದಿ ಹರಿದೆ. ಇನ್ನು ಮುಂದೆ ಬರೆಯಬೇಡ, ಏನಿದ್ದರೂ ಕಾರಿನಲ್ಲೇ ಹೇಳು. ಹಕ್ಕಿ ಇರಲಿಲ್ಲವೆಂದು ನನಗೂ ಗೊತ್ತಿತ್ತು, ಮರಿ.

ಕಂಬಿಗೆ ಜೋತುಬೀಳುವಾಗ ಹೆಬ್ಬೆರಳನ್ನು ಸುತ್ತಿ ಹಿಡಿ. ಇಲ್ಲದಿದ್ದರೆ ಜಾರುತ್ತದೆ.

ಇದನ್ನೂ ಹರಿದುಹಾಕು.

ಅಪ್ಪ


ಮಾರ್ಚ್ ೨೬

ಚೂಟಿಯ ಅಪ್ಪನಿಗೆ,

ಈ ಪತ್ರ ಅಂಚೆಯಲ್ಲಿ ಬರುತ್ತಿದೆ. ಚೂಟಿಯ ಚೀಲದಲ್ಲಿ ಇನ್ನು ಏನೂ ಬರುವುದಿಲ್ಲ, ಅಲ್ಲಿಟ್ಟದ್ದನ್ನೆಲ್ಲ ಅವಳು ಓದಿದ್ದಾಳೆ.

ಕೇಳಿಯೇ ಇರಲಿಲ್ಲ ಎಂದುಕೋ ಎಂದು ಬರೆದೆಯಲ್ಲ, ಆ ಸಾಲು ನನ್ನ ಬೆನ್ನು ಬಿಡಲಿಲ್ಲ. ನೀನು ಸೋತದ್ದನ್ನು ನೋಡಿದ್ದೇನೆ. ಕೇಳಿದ್ದನ್ನು ನೀನಾಗಿ ಕೈಬಿಟ್ಟದ್ದನ್ನು ನೋಡಿಲ್ಲ. ನಿನ್ನೆ ಲ್ಯಾಬಿನ ಯಜಮಾನರಿಗೆ ಹೇಳಿ ಅರ್ಧ ದಿನ ಯಾರ್ಡಿಗೆ ಬಂದಿದ್ದೆ. ನಿನ್ನನ್ನು ಕಾಣಲು ಅಲ್ಲ. ಇನ್ನೊಬ್ಬಳು ಇದ್ದಾಳೆಯೇ ಎಂದು ತಿಳಿದುಕೊಳ್ಳಲು. ಅದು ನನ್ನ ಊಹೆಯಾಗಿತ್ತು; ಈಗ ನೋಡಿದರೆ ಎಷ್ಟು ಹಿತವಾದ ಊಹೆ.

ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ನಿನ್ನ ಸಿಗ್ನಲ್‌ಮ್ಯಾನ್ ಗುರುತು ಹಿಡಿದ. ಕೆಳಗೆ ನಿಂತು ನಿನಗೆ ಬಾವುಟ ತೋರಿಸುತ್ತಿದ್ದವನು, ನೀವೆಲ್ಲ ಪೀಪಿ ಎಂದು ಕರೆಯುವವನು.

‘ಅಣ್ಣ ಎತ್ತರಕ್ಕೆ ಹೆದರಿ ಇಳಿದ್ರು ಅಂತ ಇವರೆಲ್ಲ ಆಡ್ಕೋತಾರೆ ಅತ್ತಿಗೆ. ನಾನು ಬಾಯಿ ಬಿಡಲ್ಲ’ ಎಂದ.

‘ನನ್ನ ಹತ್ರಾನೂ ಬಿಡಲ್ವಾ?’ ಎಂದೆ.

ಅವನು ಲೋಟ ಕೆಳಗಿಟ್ಟ. ‘ಪೈಪಿನ ಕಟ್ಟು ನನ್ನ ತಲೆ ಮೇಲಿತ್ತು. ನಿಲ್ಸಿ ಅಂತ ಬಾವುಟ ತೋರಿಸ್ದೆ. ಅದು ಇಳೀತಾನೇ ಇದೆ. ಪೀಪಿ ಊದ್ದೆ, ವಾಕಿಟಾಕೀಲಿ ಕೂಗ್ದೆ. ಅಣ್ಣನ ಉಸಿರು ಕೇಳಿಸ್ತಿತ್ತು, ಮಾತಿಲ್ಲ. ಜಿಗಿದೆ ನೋಡಿ, ಅದಕ್ಕೇ ಇವತ್ತು ಟೀ ಕುಡೀತಿದೀನಿ. ಆಮೇಲೆ ಅವರೇ ಕೇಳ್ತಾರೆ, ಪೀಪೀ, ಯಾಕೋ ಓಡ್ತಿದೀಯ ಅಂತ.’

ನೀನು ಮರುದಿನವೇ ಇಳಿದೆಯಂತೆ. ಹಾಗಾಗಿ ಅವನಿಗೆ ಅದನ್ನು ಯಾರಿಗೂ ಹೇಳಬೇಕು ಅನ್ನಿಸಲಿಲ್ಲವಂತೆ. ‘ದೊಡ್ಡ ಮನಸ್ಸು ಅಣ್ಣಂದು. ನಮ್ಮ ತಲೆ ಮೇಲೆ ಇನ್ನೊಂದ್ಸಲ ಭಾರ ತೂಗಾಡಿಸಬಾರದು ಅಂತ ಇಳಿದುಬಿಟ್ರು’ ಎಂದ. ಟೀಯ ಹಣವನ್ನೂ ಅವನೇ ಕೊಟ್ಟ.

ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಪೀಪಿಯ ಸಲುವಾಗಿ ನೀನು ಇಳಿದೆ. ಅದೇ ವಾರದ ಭಾನುವಾರ ಕಾರು ತಂದು ನನ್ನ ಬಾಗಿಲಲ್ಲಿ ಹಾರ್ನ್ ಹೊಡೆದೆ.

ಚೂಟಿಯನ್ನು ಗದರಿಸಲಿಲ್ಲ, ಕೇಳಿದೆ. ಅವಳು ಊಟದ ಕುರ್ಚಿಯ ಮೇಲೆ ಕೂತು, ಪಕ್ಕದಲ್ಲಿಲ್ಲದ ಹಿಡಿಯೊಂದನ್ನು ಎರಡೂ ಕೈಯಿಂದ ಎಳೆದು ತೋರಿಸಿದಳು. ‘ಗುಂಡಿ ಒತ್ತಬಾರದಮ್ಮ, ಒತ್ತಿದ್ರೆ ಕಚ್ಚಿ ನಿಲ್ಲಲ್ಲ’ ಎಂದು ಬಿಡಿಸಿ ಹೇಳಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಹೆಮ್ಮೆಯಿತ್ತು.

ಇವತ್ತು ಬೆಳಿಗ್ಗೆ ಅರ್ಜಿ ಹಾಕಿದೆ. ನೀನು ಕೇಳಿದ್ದನ್ನೇ ನಾನೂ ಕೇಳಿದ್ದೇನೆ: ತಂದೆಯ ಪರಿಸ್ಥಿತಿ ಬದಲಾಗಿದೆ, ಹಣ ಇಳಿಸಿ ಎಂದು. ಕಾರಣವನ್ನೂ ಬರೆದಿದ್ದೇನೆ. ವಕೀಲಮ್ಮ, ‘ಕಡಿಮೆ ಮಾಡಿ ಅಂತ ತಾಯೀನೇ ಬಂದಿದ್ದನ್ನ ನನ್ನ ಸರ್ವೀಸಲ್ಲಿ ನೋಡಿಲ್ಲ’ ಎಂದರು. ಆ ಕಾರಣವನ್ನು ಕೋರ್ಟು ಒಪ್ಪಿದ ಮೇಲೆ ಹಣವನ್ನಷ್ಟೇ ಅಲ್ಲ, ನಿನ್ನ ಭಾನುವಾರಗಳನ್ನೂ ಮತ್ತೆ ನೋಡುತ್ತದೆ. ನಿನಗೆ ಅದು ಕೌಂಟರಿನ ಮುಂದೆಯೇ ಹೊಳೆದಿರಬೇಕು. ಅದಕ್ಕೇ ನಕ್ಕು ಬಂದುಬಿಟ್ಟೆ.

ಈ ಭಾನುವಾರ ಬರಬೇಡ. ಬಂದರೂ ಬಾಗಿಲು ತೆಗೆಯುವುದಿಲ್ಲ.

ಚೂಟಿಯ ಅಮ್ಮ


ಏಪ್ರಿಲ್ ೧

ಚೂಟಿಯ ಅಮ್ಮನಿಗೆ,

ಬಂದಿದ್ದೆ. ಕಾರು ತಂದಿರಲಿಲ್ಲ. ನೀನು ಹೇಳಿದಂತೆಯೇ ಬಾಗಿಲು ತೆಗೆಯಲಿಲ್ಲ. ಒಳಗೆ ಚೂಟಿ, ‘ಬಸ್ಸಲ್ಲಿ ಬಂದಿದಾರಮ್ಮ, ಬಸ್ಸಲ್ಲಿ’ ಎನ್ನುತ್ತಿದ್ದದ್ದು ಮೆಟ್ಟಿಲವರೆಗೂ ಕೇಳಿಸಿತು.

ಅರ್ಜಿ ಹಿಂತೆಗೆದುಕೋ. ಪೂರ್ತಿ ಹಣ ಕೊಡುತ್ತೇನೆ. ಇನ್ನೂ ಹೆಚ್ಚು ಬೇಕೆಂದರೆ ಅದನ್ನೂ ಕೊಡುತ್ತೇನೆ.

ನಾನು ಡಾಕ್ಟರ ಹತ್ತಿರ ಹೋಗಿಲ್ಲ. ಅವರು ಬರೆದುಕೊಡುವವರೆಗೆ ಅದಕ್ಕೆ ಹೆಸರಿಲ್ಲ. ಮೊದಲು ಬಟ್ಟೆ ಸುಟ್ಟಂಥ ವಾಸನೆ. ಆಮೇಲೆ ಎದುರಿನವರು ಇದ್ದಕ್ಕಿದ್ದಂತೆ ಬೇರೆ ಜಾಗದಲ್ಲಿ ನಿಂತಿರುತ್ತಾರೆ, ಅಷ್ಟೇ. ನೋವಿಲ್ಲ. ಎಲ್ಲಿಗೋ ಹೋಗಿ ಬಂದಂತೆಯೂ ಅಲ್ಲ. ಹೋಗಿದ್ದರೆ ಏನಾದರೂ ನೆನಪಿರುತ್ತಿತ್ತು.

ಬ್ರೇಕು ಹೇಳಿಕೊಟ್ಟದ್ದನ್ನು ನೀನು ಹೇಗೆ ನೋಡುತ್ತಿದ್ದೀಯೋ ಗೊತ್ತು. ನಾನು ಹುಡುಗಾಟಕ್ಕೆ ಹೇಳಿಕೊಡಲಿಲ್ಲ. ಖಾಲಿ ಮೈದಾನದಲ್ಲಿ ಮತ್ತೆ ಮತ್ತೆ ಮಾಡಿಸಿದೆ. ಬೇಕೆಂದೇ ಕೈಬಿಡುತ್ತಿದ್ದೆ, ಅವಳು ಹಿಡಿಯುತ್ತಿದ್ದಳು. ಕ್ರೇನು ಕಲಿಯಲು ಬಂದ ದೊಡ್ಡವರಲ್ಲೂ ಅಂಥ ಕೈ ನೋಡಿಲ್ಲ. ಇಷ್ಟು ಮುಂಜಾಗ್ರತೆ ವಹಿಸಿದವನನ್ನು ಹೊಣೆಗೇಡಿ ಎಂದು ಹೇಗೆ ಬರೆಸುತ್ತೀಯ?

ಬಸ್ಸಿನಲ್ಲಿ ಮೊದಲೇ ಬರಬಹುದಿತ್ತು. ಬಂದಿದ್ದರೆ ಕಾರೆಲ್ಲಿ ಎಂದು ನೀನು ಕೇಳುತ್ತಿದ್ದೆ. ಅದೊಂದು ಪ್ರಶ್ನೆಯನ್ನು ತಪ್ಪಿಸಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಲಾರಿ ರಸ್ತೆಯಲ್ಲಿ ಹೋಗುತ್ತಿದ್ದೆ. ಬರೆದು ನೋಡಿದರೆ ಬೇರೆ ಥರ ಕಾಣುತ್ತದೆ.

ಮಗುವನ್ನೂ ಜಡ್ಜು ಕೇಳುತ್ತಾರಂತೆ. ಕೇಳಲಿ. ಅವಳು ಬಾಯಿ ಬಿಡುವುದಿಲ್ಲ.

ಚೂಟಿಯ ಅಪ್ಪ


ಜೂನ್ ೧೧

ಚೂಟಿಯ ಅಪ್ಪನಿಗೆ,

ಆದೇಶದ ಪ್ರತಿ ನಿನಗೂ ಬಂದಿರುತ್ತದೆ. ಹಣ ಅರ್ಧಕ್ಕಿಳಿದಿದೆ, ಅರ್ಜಿ ಹಾಕಿದ ದಿನದಿಂದ. ನೀನು ಮೊದಲ ಪತ್ರದಲ್ಲಿ ಕೇಳಿದಷ್ಟೇ. ಭಾನುವಾರ ಮಕ್ಕಳ ಕಲ್ಯಾಣ ಕೇಂದ್ರದ ಕೋಣೆಯಲ್ಲಿ, ಅಲ್ಲಿನವರೊಬ್ಬರ ಎದುರಿನಲ್ಲಿ, ಒಂದು ಗಂಟೆ.

ಕೋರ್ಟು ಕಳಿಸಿದ ಡಾಕ್ಟರ ವರದಿಯಿಂದ ಹೀಗಾಯಿತು ಎಂದು ನೀನು ಅಂದುಕೊಂಡಿರಬಹುದು. ಹಾಗಲ್ಲ. ಔಷಧಿ ತಗೊಂಡರೆ ಹತೋಟಿಗೆ ಬರಬಹುದು ಎಂದು ಅವರು ಬರೆದಿದ್ದರಿಂದ, ಕಾರು ಓಡಿಸುವುದೊಂದನ್ನು ನಿಲ್ಲಿಸಿ ಭಾನುವಾರಗಳನ್ನು ನಿನಗೇ ಬಿಡುವ ಮನಸ್ಸು ಜಡ್ಜಿಗೆ ಇತ್ತಂತೆ. ಆಮೇಲೆ ಚೂಟಿಯನ್ನು ಒಳಗೆ ಕರೆದರು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿದ್ದೆ. ನೀನು ಹೇಳಿದ್ದು ಸರಿ, ಕಾರಿನ ವಿಷಯಕ್ಕೆ ಅವಳು ಬಾಯಿ ಬಿಡಲಿಲ್ಲ. ಜಡ್ಜು ಸಮಾಧಾನವಾಗಿ, ‘ಅಪ್ಪನ ಜೊತೆ ಇರೋವಾಗ ನಿನಗೆ ಭಯ ಆಗುತ್ತೇನಮ್ಮ?’ ಎಂದು ಕೇಳಿದರು.

‘ಇಲ್ಲ. ಅಪ್ಪನಿಗೆ ಏನೂ ಆಗಲ್ಲ. ನಾನು ಇರ್ತೀನಲ್ಲ’ ಎಂದಳು.

ಬರೆದುಕೊಳ್ಳುವವರು ಇನ್ನೊಮ್ಮೆ ಹೇಳಮ್ಮ ಎಂದರು. ಅವಳು ಇನ್ನೊಮ್ಮೆ ಹೇಳಿದಳು, ಇನ್ನಷ್ಟು ಸ್ಪಷ್ಟವಾಗಿ. ನಿನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು.

ಆ ಮಾತು ಆದೇಶದಲ್ಲಿದೆ. ಅವಳಿಗೆ ಓದಲು ಬರುತ್ತದೆ ಎಂದು ಈಗ ನನಗೆ ನೆನಪಿರುವುದರಿಂದ ಆದೇಶವನ್ನು ಲ್ಯಾಬಿನ ಕಪಾಟಿನಲ್ಲಿ, ಅಚ್ಚುಗಳ ಹಿಂದೆ ಇಟ್ಟಿದ್ದೇನೆ.

ಚೂಟಿಯ ಅಮ್ಮ


ಜುಲೈ ೬, ಭಾನುವಾರ

ಚೂಟಿಯ ಅಮ್ಮನಿಗೆ,

ಆದೇಶದ ಸುದ್ದಿ ಯಾರ್ಡಿಗೂ ಮುಟ್ಟಿತು. ಉಗ್ರಾಣದ ಅಟ್ಟಕ್ಕೆ ಏಣಿ ಹತ್ತಬೇಕಾಗುತ್ತದೆ, ನಿಮ್ಮನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ಮರ್ಯಾದೆಯಿಂದಲೇ ಹೇಳಿದರು. ಆದ್ದರಿಂದ ನಿನ್ನ ವಕೀಲಮ್ಮ ಹೇಳುವ ಬದಲಾವಣೆ ಮತ್ತೊಮ್ಮೆ ಆಗಿದೆ. ಈ ಸಲ ಅರ್ಜಿ ನಾನೇ ಹಾಕುತ್ತೇನೆ. ಗುಮಾಸ್ತ ಏನು ಕೇಳಿದರೂ ಇದ್ದದ್ದನ್ನೇ ಹೇಳುತ್ತೇನೆ. ಮಾತ್ರೆ ತಗೊಳ್ಳುತ್ತಿದ್ದೇನೆ. ಇನ್ನೂ ಹಿಡಿತಕ್ಕೆ ಬಂದಿಲ್ಲ.

ಇವತ್ತಿನದನ್ನು ನಿನಗೆ ತಿಳಿಸಬೇಕು.

ಕೇಂದ್ರದ ಕೋಣೆ ಮೊದಲ ಮಹಡಿಯಲ್ಲಿದೆ. ಗಿಡ್ಡ ಮೇಜು, ಗಿಡ್ಡ ಕುರ್ಚಿಗಳು. ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಮೂಲೆಯಲ್ಲಿ ಅಲ್ಲಿನ ಮೇಡಂ ಸ್ವೆಟರ್ ಹೆಣೆಯುತ್ತಾ ಕೂತಿರುತ್ತಾರೆ. ಚೂಟಿ ಆಟದ ಸಾಮಾನಿನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನೆದುರು ಕೂತು ನನ್ನ ಮುಖ ನೋಡುತ್ತಾಳೆ. ಮಾತಾಡಿಸಿದರೆ ಉತ್ತರ ಕೊಡುತ್ತಾಳೆ, ಕಣ್ಣು ಮಾತ್ರ ತೆಗೆಯುವುದಿಲ್ಲ. ‘ಆಡ್ಕೋ ಹೋಗೇ’ ಎಂದೆ. ‘ಆಡ್ತೀನಿ, ಆಮೇಲೆ’ ಎಂದಳು. ನಾನು ಯಾರ್ಡಿನಲ್ಲಿ ಅಷ್ಟು ವರ್ಷ ಹೊಸಬರಿಗೆ ಹೇಳಿಕೊಟ್ಟದ್ದೂ ಅದೇ: ಭಾರ ಮೇಲಿರುವಷ್ಟು ಹೊತ್ತು ಅದರ ಮೇಲಿಂದ ಕಣ್ಣು ತೆಗೆಯಬಾರದು.

ಗಂಟೆ ಮುಗಿದಾಗ ಅವಳು ಎದ್ದು ಮೇಡಂ ಹತ್ತಿರ ಹೋದಳು. ‘ಅಪ್ಪನ್ನ ಬಸ್ ಸ್ಟಾಪ್‌ವರೆಗೂ ಬಿಟ್ಟುಬರ್ತೀರಾ? ರಸ್ತೆ ಕಡೆ ನೀವಿರಿ, ಒಳಗಡೆ ಅಪ್ಪ ಇರಲಿ. ಕೈ ಹಿಡ್ಕೊಂಡ್ರೆ ಅವರಿಗೆ ಇಷ್ಟ ಆಗಲ್ಲ, ತೋಳಿನ ಬಟ್ಟೆ ಹಿಡ್ಕೊಳ್ಳಿ, ಗೊತ್ತಾಗಲ್ಲ.’ ಮೇಡಂ ನಕ್ಕು, ‘ಆಯ್ತು ಅಜ್ಜೀ’ ಎಂದರು. ಚೂಟಿ ನಗಲಿಲ್ಲ.

ನಾನು ಬೇಡ ಎಂದೆ. ಮೇಡಂ ಕೆಳಗಿನ ಬಾಗಿಲವರೆಗೆ ಬಂದರು. ಅಲ್ಲಿಂದ ನಾನೇ ಹೋಗುತ್ತೇನೆ ಎಂದು ಹೇಳಿ ಮೆಟ್ಟಿಲಿಳಿದೆ.

ಅದರ ಮುಂದಿನದು ರಸ್ತೆಯ ಆಚೆ ಬದಿ. ನಡುವಿನದು ನನ್ನಲ್ಲಿಲ್ಲ. ರಸ್ತೆಯ ಮಧ್ಯೆ ಒಂದು ವ್ಯಾನು ಅಡ್ಡಡ್ಡ ನಿಂತಿತ್ತು. ಅದರ ಚಾಲಕ ಕೆಳಗಿಳಿದು, ಬಾನೆಟ್ಟಿನ ಮೇಲೆ ಎರಡೂ ಕೈ ಊರಿಕೊಂಡು ನನ್ನನ್ನೇ ನೋಡುತ್ತಿದ್ದ. ಬೈಯುತ್ತಿರಲಿಲ್ಲ. ನನ್ನ ಒಂದು ಚಪ್ಪಲಿ ಅವನ ಚಕ್ರದ ಹತ್ತಿರವಿತ್ತು. ಮೇಲೆ ನೋಡಿದೆ. ಕೋಣೆಯ ಕಿಟಕಿಯಲ್ಲಿ ಚೂಟಿ, ಹಣೆಯನ್ನು ಗಾಜಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಕೈ ಬೀಸಿದೆ. ಅವಳೂ ಬೀಸಿದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ.

ನೀನು ಅವಳನ್ನು ಕರೆದೊಯ್ಯಲು ಬಂದಾಗ ಅವಳು ಏನಾದರೂ ಹೇಳಿದಳೇ? ಈಗಲೂ ಅವಳನ್ನು ಕೇಳಬೇಡ. ಅವಳಾಗಿ ಹೇಳಿದಳೇ ಎನ್ನುವುದಷ್ಟೇ ನನಗೆ ಬೇಕು. ಅತ್ತಿದ್ದರೆ, ಕಿರುಚಿದ್ದರೆ, ನಿನ್ನನ್ನು ಅಪ್ಪಿಕೊಂಡು ಕಂಡದ್ದನ್ನೆಲ್ಲ ಹೇಳಿಬಿಟ್ಟಿದ್ದರೆ, ಮುಂದಿನ ಭಾನುವಾರ ಕಳಿಸು.

ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದರೆ ಕಳಿಸಬೇಡ. ನಾನು ಬಂದು ಬಾಗಿಲು ಬಡಿದರೂ ಕಳಿಸಬೇಡ.

ಚೂಟಿಯ ಅಪ್ಪ